ಚಿಕ್ಕಮ್ಮನ ‘ಹೂಂ’

ನಮ್ಮ ಚಿಕ್ಕಮ್ಮನ ಕಟಿಂಗ್ ಶಾಪಿನಲ್ಲಿ ಕೂತವರು ಸರ್ಕಾರವನ್ನು ಬೈಯಲಿ, ಸೊಸೆಯನ್ನು ಬೈಯಲಿ, ಅವಳು ಕತ್ತರಿ ಆಡಿಸುತ್ತ ‘ಹೂಂ’ ಅನ್ನುತ್ತಾಳೆ. ಕಸುಬೇ ಅಂಥದ್ದು. ಗಿರಾಕಿಯ ಕಿವಿ ಪಕ್ಕ ಕತ್ತಿ ಹಿಡಿದುಕೊಂಡು ಯಾರಾದರೂ ವಾದಕ್ಕಿಳಿಯುತ್ತಾರೆಯೇ?

ಆ ಹೂಂ ಈಗ ಅಂಗಡಿಯನ್ನೇ ನುಂಗಲು ಹೊರಟಿತ್ತು. ಖಾಲಿ ಮಾಡಲು ಅವಳೇ ಬಾಯಿಮಾತಿನಲ್ಲಿ ಒಪ್ಪಿದ್ದಾಳೆಂದು ಕಟ್ಟಡದ ಮಾಲೀಕ ದಾವೆ ಹೂಡಿದ್ದ. ವಕೀಲರನ್ನು ಇಡುವ ತಾಕತ್ತು ನಮಗಿರಲಿಲ್ಲ. ಆದರೆ ಮಾರುಕಟ್ಟೆಯ ಮಹಡಿಯ ಮೇಲೆ ಹೊಸ ಬಗೆಯ ಕೋರ್ಟು ಶುರುವಾಗಿತ್ತು. ಅಲ್ಲಿ ವಕೀಲರಿಲ್ಲದವರು ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಅರ್ಥವಾಗದಿದ್ದರೆ ಮೇಜಿನ ಮೇಲಿನ ಗಂಟೆ ಒತ್ತಬಹುದು; ಎಂಥ ದೊಡ್ಡ ವಕೀಲರಾದರೂ ನಿಲ್ಲಿಸಿ, ಬಿಡಿಸಿ ಹೇಳಲೇಬೇಕು. ಪಕ್ಕದಲ್ಲಿ ಕೂತವಳು ನಾನು. ಗಂಟೆ ಕಂಡದ್ದೇ ನನ್ನ ಕೈ ಕಡಿಯತೊಡಗಿತು.

ಮಾಲೀಕನ ವಕೀಲರು ಒಂದೇ ಉಸಿರಿಗೆ ಕೇಳಿದರು. “ಪ್ರತಿವಾದಿಯವರು ಸ್ವಇಚ್ಛೆಯಿಂದ, ಯಾವುದೇ ಒತ್ತಾಯವಿಲ್ಲದೆ, ಸದರಿ ಮಳಿಗೆಯ ಸ್ವಾಧೀನ ಬಿಟ್ಟುಕೊಡಲು ಸಮ್ಮತಿಸಿದ್ದು ನಿಜವಷ್ಟೇ?”

“ಹೂಂ,” ಅಂದಳು ಚಿಕ್ಕಮ್ಮ.

ಗಂಟೆಯನ್ನು ಎಷ್ಟು ಜೋರಾಗಿ ಗುದ್ದಿದೆನೆಂದರೆ ಅದು ಜಾರಿ ನೆಲಕ್ಕೇ ಬಿತ್ತು.

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡರು. “ಏನ್ ಅರ್ಥ ಆಗ್ಲಿಲ್ಲಮ್ಮ?”

“ನಂಗಾಯ್ತು ಮೇಡಂ. ನಮ್ ಚಿಕ್ಕಮ್ಮನ ಹೂಂ ನಿಮಗೆ ಅರ್ಥ ಆಗಿಲ್ಲ! ಅದು ಒಪ್ಪಿಗೆ ಅಲ್ಲ, ಕೇಳಿಸ್ಕೋತಿದೀನಿ ಅಂತ ಅಷ್ಟೇ.”

ವಕೀಲರು ತಕರಾರು ತೆಗೆದರು. ನ್ಯಾಯಾಧೀಶೆ ಅವರನ್ನು ತಡೆದು ಮಾಲೀಕನ ಕಡೆ ತಿರುಗಿದರು. “ಇವರು ಒಪ್ಕೊಂಡಿದ್ದು ಎಲ್ಲಿ?”

“ಅವರ ಅಂಗಡೀಲೇ ಮೇಡಂ. ಕಟಿಂಗ್ ಮಾಡಿಸ್ಕೋತಿದ್ದೆ. ಖಾಲಿ ಮಾಡ್ಕೊಡ್ತೀರಲ್ಲ ಅಂದೆ, ಹೂಂ ಅಂದ್ರು.”

“ಅವತ್ತು ಇನ್ನೇನ್ ಹೇಳಿದ್ರಿ?”

ಮಾಲೀಕ ತಡವರಿಸಿದ. ಪಾಪ, ನೆನಪು ಮಾಡಿಕೊಡುವವಳಂತೆ ಚಿಕ್ಕಮ್ಮನೇ ಬಾಯಿ ಹಾಕಿದಳು. “ಹೊಸ ಎಣ್ಣೆ ಹಚ್ತಿದೀನಿ, ಮುಂದ್ಗಡೆ ಕೂದಲು ಮತ್ತೆ ಬರ್ತಿದೆ ಅಂದ್ರು ಮೇಡಂ. ಅದಕ್ಕೂ ಹೂಂ ಅಂದೆ.”

ಎಲ್ಲರ ಕಣ್ಣೂ ಮಾಲೀಕನ ತಲೆಯ ಮೇಲೆ ಹೋಯಿತು. ಹಣೆಯಿಂದ ನೆತ್ತಿಯವರೆಗೆ ಫಳಫಳ ಹೊಳೆಯುತ್ತಿತ್ತು, ಹುಡುಕಿದರೂ ಒಂದೆಳೆ ಇಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ವಕೀಲರೂ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದರು. ನನಗಂತೂ ಕುಣಿಯುವಷ್ಟು ಖುಷಿ.

ನಗು ಅಡಗಿದ ಮೇಲೆ ನ್ಯಾಯಾಧೀಶೆ ಮುಂದಕ್ಕೆ ಬಾಗಿದರು. “ಅಮ್ಮಾ, ಈಗ ಯಾರೂ ನಿಮ್ಮ ಕುರ್ಚೀಲಿ ಕೂತಿಲ್ಲ. ಯಾರಿಗೋ ಬೇಜಾರಾಗುತ್ತೆ ಅಂತ ನೋಡ್ಬೇಡಿ. ಅಂಗಡಿ ಬಿಟ್ಕೊಡೋಕೆ ನಿಮಗೆ ಇಷ್ಟ ಇದೆಯಾ?”

ಚಿಕ್ಕಮ್ಮ ಮಾಲೀಕನನ್ನು ನೋಡಿದಳು, ನನ್ನನ್ನು ನೋಡಿದಳು.

“ಇಲ್ಲ,” ಅಂದಳು, ಕೇಳಿಸಿಯೂ ಕೇಳಿಸದ ಹಾಗೆ. ಮರುಕ್ಷಣ ರುಚಿ ಹತ್ತಿದವಳಂತೆ ಎದ್ದೇ ನಿಂತಳು. “ಇಲ್ಲ ಮೇಡಂ, ಇಲ್ಲ! ಅದು ನನ್ನ ಅನ್ನ. ನಾನು ಬಿಡಲ್ಲ!”

ದಾವೆ ವಜಾ ಆಯಿತೆಂದು ನ್ಯಾಯಾಧೀಶೆ ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ನಾನು ಕೈಹಿಡಿದು ಮೆಟ್ಟಿಲಿಳಿಸುವಾಗಲೂ ಅವಳು ಇಲ್ಲ ಅನ್ನುತ್ತಲೇ ಇದ್ದಳು.