ಹರಳೆಣ್ಣೆ ಶೀಸೆ

"ನಾಲ್ಕು ಮನೆಯ ಹಸುಗಳಿಗೂ ಒಂದೇ ರೋಗಾಣು," ಎಂದರು ಪಶುವೈದ್ಯೆ ಭವ್ಯ, ಶಿವರಂಜನಿಯ ಜಗಲಿಯ ಮೇಲೆ ಕಾಗದ ಹರಡಿ. "ಬೇಸಿಗೇಲಿ ಗರ್ಭಕೋಶದ ಕೀವು ತಗೊಂಡು ಹೋಗಿದ್ವಲ್ಲ, ಅದರಲ್ಲಿದ್ದ ರೋಗಾಣುಗಳ ವಂಶವಾಹಿ ಓದಿಸಿದ್ವಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ಒಂದೇ ಕಡೆಯಿಂದ ಹೋಗಿರಬೇಕು. ಕರು ಹಾಕಿದಾಗ ನಾಲ್ಕೂ ಮನೆಗೆ ಬಂದವರು ಯಾರಾದ್ರೂ ಇದ್ರಾ?"

ಕಂಬಕ್ಕೆ ಒರಗಿ ಕೂತಿದ್ದ ಪಕ್ಕದ ಮನೆಯ ಶಂಕರಮ್ಮ ತನ್ನ ಬಲಗೈ ನೋಡಿಕೊಂಡಳು. ಧನಗೆರೆಯಲ್ಲಿ ಯಾವ ಹಸು ಈದ ಮೇಲೆ ಕರುವಿನ ಹಿಂದೆ ಬರಬೇಕಾದ ಮಾಸು ಬೀಳದಿದ್ದರೂ ಕರೆ ಬರುತ್ತಿದ್ದುದು ಅವಳಿಗೇ. ಮೂವತ್ತು ವರ್ಷದ ಕೈಗುಣ ಅದು. ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದಳು. ತನ್ನದೇ ಹರಳೆಣ್ಣೆ ಶೀಸೆ ಒಯ್ದು, ಮೊಳಕೈವರೆಗೂ ಎಣ್ಣೆ ಸವರಿಕೊಂಡು, ಒಳಗೆ ಕೈ ಹಾಕಿ ಮಾಸು ಬಿಡಿಸಿ ಎಳೆಯುತ್ತಿದ್ದಳು. ಆಮೇಲೆ ಬಿಸಿನೀರಿನಲ್ಲಿ ಸೀಗೇಪುಡಿ ಹಾಕಿ ಕೈ ತೊಳೆಯುತ್ತಿದ್ದಳು. ಮುಂಚೆ ತೊಳೆಯಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕೆಲಸದ ನಡುವೆ ಅದೇ ಕೈಯಲ್ಲಿ ಶೀಸೆಯ ಬಾಯಿ ಹಿಡಿದದ್ದು ಎಷ್ಟು ಸಲವೋ.

ಅದೂ ಹೋಗಲಿ. ರಂಜನಿಯ ಹಸು ಕೀವು ಸುರಿಸಿ, ಮೂರು ಸಲ ಹೋರಿ ಕೊಡಿಸಿದರೂ ಗಬ್ಬ ನಿಲ್ಲದೆ, ಕೊನೆಗೆ ಅದನ್ನು ಸಂತೆಗೆ ಹೊಡೆದು ಮಾರಿದಾಗ ಇದೇ ಶಂಕರಮ್ಮ ಹಾಲಿನ ಡೈರಿಯ ಮುಂದೆ ನಾಲ್ಕು ಜನರೆದುರು ಏನಂದಿದ್ದಳು? "ಬಾಣಂತಿ ಅಸೀಗೆ ಮೇವು ನೋಡ್ಕಳಕ್ ಬರ್ದೋಳು ಅಸ ಯಾಕವ್ವ ಕಟ್ಬೇಕು?" ರಂಜನಿ ತಲೆ ಬಗ್ಗಿಸಿಕೊಂಡು ಹೋದವಳು ಮತ್ತೆ ಡೈರಿ ಕಡೆ ಸುಳಿದಿರಲಿಲ್ಲ. ಅವಳ ಕೊಟ್ಟಿಗೆಯ ಗೂಟದಲ್ಲಿ ಹಗ್ಗ ಇನ್ನೂ ಹಾಗೇ ಇತ್ತು.

"ಯಾರೂ ಬಂದಿರ್ಲಿಲ್ಲ ಮೇಡಂ," ಎಂದಳು ಶಿವರಂಜನಿ, ಶಂಕರಮ್ಮನ ಕಡೆ ನೋಡದೆ. "ನಮ್ಮಸೀಗೆ ನಾನೇ ಕೈ ಆಕಿದ್ದೆ."

ಅಯ್ಯೋ, ಬೈದಿದ್ದರೂ ಆಗುತ್ತಿತ್ತು. ಆ ಸುಳ್ಳನ್ನು ಶಂಕರಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಸುಳ್ ಏಳ್ಬ್ಯಾಡ ಕಣವ್ವ," ಎಂದಳು. "ನಾಕು ಮನೇಗೂ ಓಗಿದ್ದೋಳು ನಾನೇ ಡಾಕ್ಟ್ರಮ್ಮ. ಇದೇ ಕೈ. ಎಣ್ಣೇನೂ ನಂದೇ." ಬಲಗೈ ಮುಂದೆ ಚಾಚಿ, ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. "ಇವ್ಳ ಮೇವ್ನಲ್ಲಿ ಏನೂ ತಪ್ಪಿರ್ಲಿಲ್ಲ. ನಾಳೀಕೆ ಡೈರಿ ಮುಂದೂ ಏಳ್ತೀನಿ."

ಭವ್ಯ ಪೆನ್ನು ಕೆಳಗಿಟ್ಟರು. "ನಿಮಗೆ ಗೊತ್ತಿರಲಿಲ್ಲವಲ್ಲಮ್ಮ. ಇನ್ನು ಮುಂದೆ ಕೈ ಹಾಕಬೇಡಿ. ನಮಗೆ ಫೋನ್ ಮಾಡಿಸಿ."

ಶಂಕರಮ್ಮ ತಲೆಯಾಡಿಸಿದಳು. ನಾಳೆಯಿಂದ ತನ್ನನ್ನು ಯಾರೂ ಕರೆಯುವುದಿಲ್ಲ ಎಂಬುದಕ್ಕಿಂತ, ಆ ಹಸು ಇನ್ನೆಂದೂ ಬರುವುದಿಲ್ಲವಲ್ಲ ಎಂಬುದೇ ಅವಳನ್ನು ಹಿಂಡಿತು.

ರಂಜನಿ ಒಳಗೆ ಹೋಗಿ ಕಾಫಿ ತಂದಳು. ಡಾಕ್ಟರಿಗೆ ಕೊಟ್ಟು, ಇನ್ನೊಂದು ಲೋಟವನ್ನು ಶಂಕರಮ್ಮನ ಮುಂದೆ ಹಿಡಿದಳು.

"ತಕಳಿ ದೊಡ್ಡವ್ವ."

ಶಂಕರಮ್ಮನ ಬಲಗೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ರಂಜನಿ ಲೋಟ ಹಿಡಿದುಕೊಂಡೇ ನಿಂತಿದ್ದಳು.