ನಮ್ಮ ಹಿಂದಿನ ಲೇಖನದಲ್ಲಿ ತೋರಿಸಿದಂತೆ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಡಂಗೆ ಅಂದು ಮಧ್ಯಾಹ್ನ ತಲೆ ಕೆಟ್ಟುಹೋಗಿತ್ತು. ಸಂಜೆ ಐದರೊಳಗೆ ವಿಚಾರ ಸಂಕಿರಣಕ್ಕೆ ಪ್ರಬಂಧ ಕಳಿಸಬೇಕು. ಅದು ಅವಳ ಮೊಟ್ಟಮೊದಲ ಪ್ರಬಂಧ. ಊರಿನ ನಲವತ್ತು ನಲ್ಲಿಗಳ ನೀರು ಪರೀಕ್ಷಿಸಿ, ಅಂಕಿಗಳನ್ನೆಲ್ಲ ಹೊಂದಿಸಿದ್ದಳು. ಪೀಠಿಕೆ ಮಾತ್ರ ಕೈಕೊಟ್ಟಿತ್ತು. ಕೊನೆಗೆ ಯಾರದೋ ಹಳೆಯ ಲೇಖನದಿಂದ ಒಂದೂವರೆ ಪುಟ ಎತ್ತಿ ಅಂಟಿಸಿ, ಸದ್ಯ ಮುಗಿಯಿತಲ್ಲ ಎಂದುಕೊಂಡಳು.

ಅವಳ ಅತ್ತಿಗೆ ಅದೇ ಕಾಲೇಜಿನ ಗ್ರಂಥಪಾಲಕಿ. ಅಕ್ಷರದ ತಪ್ಪು ನೋಡಿಕೊಡಿ ಎಂದು ಕೇಳಿದ್ದಕ್ಕೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದತೊಡಗಿದರು. ಎರಡನೇ ಪುಟಕ್ಕೆ ಬರುತ್ತಲೇ ಫಕ್ಕನೆ ನಕ್ಕರು.

“‘ನಮ್ಮ ಹಿಂದಿನ ಲೇಖನದಲ್ಲಿ ತೋರಿಸಿದಂತೆ’ ಅಂತ ಬರೆದಿದ್ದೀಯಲ್ಲೇ! ಯಾವ ಲೇಖನ ಅದು? ಮನೇಲಿ ಯಾರಿಗೂ ಹೇಳದೆ ಯಾವಾಗ ಬರೆದೆ?”

ಮೇಡಂ ಮುಖ ಕೆಂಪಾಯಿತು.

“ಅದು ಬೇರೆಯವರದ್ದು ಅತ್ತಿಗೆ. ಪೀಠಿಕೆ ತಾನೇ? ಪರೀಕ್ಷೆಯೆಲ್ಲ ನಂದೇ. ಎಲ್ಲರೂ ಹೀಗೇ ಮಾಡ್ತಾರೆ.”

“ನಿನ್ನ ಕ್ಲಾಸಿನ ಹುಡುಗೀರು ಪಕ್ಕದವಳದ್ದು ನೋಡಿ ಬರೆದ್ರೆ ಸುಮ್ಮನೆ ಬಿಡ್ತೀಯಾ?”

“ಅದು ಬೇರೆ, ಇದು ಬೇರೆ.”

“ಬೇರೇನೇ. ಅವರು ಸಿಕ್ಕಿಬಿದ್ರೆ ಒಂದು ಪರೀಕ್ಷೆ ಹೋಗುತ್ತೆ. ನೀನು ಸಿಕ್ಕಿಬಿದ್ರೆ ನಿಜವಾಗಿ ಮಾಡಿದ ಕೆಲಸಾನೂ ಯಾರೂ ನಂಬಲ್ಲ. ಆರು ನಲ್ಲಿಯ ನೀರು ಕುಡಿಯೋ ಹಾಗಿಲ್ಲ ಅಂತ ಬರೆದಿದ್ದೀಯ. ಆ ನೀರು ಕುಡೀತಿರೋರ ಗತಿ ಏನು?”

ಆ ಮಾತು ನೇರವಾಗಿ ಎದೆಗೆ ನಾಟಿತು. ಅವಳ ಕಣ್ಣು ತುಂಬಿಕೊಂಡಿತು.

“ನಂಗೆ ಪೀಠಿಕೆ ಬರೆಯೋಕೆ ಬರಲ್ಲ ಅತ್ತಿಗೆ.”

“ಈ ನೀರನ್ನ ಯಾಕೆ ಪರೀಕ್ಷೆ ಮಾಡಿದೆ, ನಂಗೆ ಹೇಳು. ಹೇಳಿದ್ದನ್ನೇ ಬರಿ. ಆ ಲೇಖನ ಬರೆದೋರ ವಿಚಾರ ಬೇಕಿದ್ರೆ ನಿನ್ನ ಮಾತಲ್ಲಿ ಹೇಳಿ, ಅವರ ಹೆಸರು ಹಾಕು. ಅಂದಹಾಗೆ, ಅರ್ಧ ಪರೀಕ್ಷೆ ಮಾಡಿದ್ದು ಲ್ಯಾಬಿನ ಅಕ್ಕ ಅಲ್ವಾ? ಅವರ ಹೆಸರೆಲ್ಲಿ?”

“ಅಯ್ಯೋ!” ಎಂದು ಮೇಡಂ ನಾಲಿಗೆ ಕಚ್ಚಿಕೊಂಡಳು.

ಎತ್ತಿದ ಒಂದೂವರೆ ಪುಟ ಹೋಗಿ, ಅವಳದೇ ಮಾತಿನ ಅರ್ಧ ಪುಟ ಪೀಠಿಕೆ ಬಂತು. ಐದಕ್ಕೆ ಹತ್ತು ನಿಮಿಷವಿರುವಾಗ ಪ್ರಬಂಧ ಅವಳ ಮತ್ತು ಲ್ಯಾಬಿನ ಅಕ್ಕನ, ಇಬ್ಬರ ಹೆಸರಿನಲ್ಲಿ ಹೊರಟಿತು.

ಎರಡು ತಿಂಗಳ ಮೇಲೆ ಸಂಕಿರಣ ನಡೆಯಿತು. ಅವಳ ಮಾತು ಮುಗಿದದ್ದೇ ತಡ, ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಂಡರು. ಅವಳು ಅಂದು ಪುಟ ಎತ್ತಿದ್ದು ಇವರ ಲೇಖನದಿಂದಲೇ! ಅವಳ ಎದೆ ಧಸಕ್ಕೆಂದಿತು.

“ನನ್ನ ಲೇಖನ ಓದಿ, ಹೆಸರನ್ನೂ ಹಾಕಿದ್ದೀರಿ. ಸಂತೋಷ. ನಿಮ್ಮ ಹಿಂದಿನ ಲೇಖನ ಯಾವುದಾದ್ರೂ ಇದ್ರೆ ಕೊಡಿ, ಓದ್ತೀನಿ.”

“ಇಲ್ಲ ಸರ್, ಇದೇ ಮೊದಲನೇದು,” ಎಂದಳು ಮೇಡಂ. ಹೇಳುವಾಗ ನಗು ತಾನಾಗಿ ಬಂತು. ಸಭೆ ಚಪ್ಪಾಳೆ ತಟ್ಟಿತು. ಹೊರಗೆ ಬಂದಾಗ, ಸಂಕಿರಣಕ್ಕೆ ಬಂದಿದ್ದ ಊರಿನ ನೀರು ಸರಬರಾಜು ಕಚೇರಿಯವರು ಆ ಆರು ನಲ್ಲಿಗಳ ಪಟ್ಟಿ ಕೇಳಿ ಪಡೆದರು.

ಪ್ರಬಂಧ ಬರೆಯಲು ಕೂತಿರುವ ಅಕ್ಕ, ಅಣ್ಣಂದಿರೇ, ಕಳಿಸುವ ಮುಂಚೆ ಒಂದೊಂದು ಸಾಲಿಗೂ ‘ಇದು ಯಾರದ್ದು?’ ಎಂದು ಕೇಳಿಕೊಳ್ಳಿ. ಬೇರೆಯವರದ್ದಾದರೆ ಅವರ ಹೆಸರು ಹೇಳಿ. ಜೊತೆಗೆ ದುಡಿದವರನ್ನು ಬಿಡಬೇಡಿ, ದುಡಿಯದವರನ್ನು ಸೇರಿಸಬೇಡಿ. ಒಂದೇ ಪ್ರಬಂಧವನ್ನು ಎರಡು ಕಡೆ ಕಳಿಸಬೇಡಿ. ಮುಂದಿನ ಸಾಲಿನಿಂದ ಯಾರು ಎದ್ದು ನಿಂತರೂ ನಿಮ್ಮ ಎದೆ ಧಸಕ್ಕೆನ್ನದಿರಲಿ.