ಆಂಬುಲೆನ್ಸಿನಲ್ಲಿ ಒಂದೇ ಜಾಗ

ಭೂಮಿ ಅಲುಗಿದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು, ಅಷ್ಟೇ. ಆದರೆ ಆ ಬೀದಿಯಲ್ಲಿದ್ದವರು ಬಹುಪಾಲು ಎಪ್ಪತ್ತು ದಾಟಿದವರು. ಹರೆಯದವರಾದರೆ ಬಿದ್ದು, ಮೈ ಕೊಡವಿಕೊಂಡು ಎದ್ದಾರು. ಇವರು ಬಿದ್ದರೆ ಬಿದ್ದಲ್ಲೇ. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಅಂಗಳದ ತುಂಬ ಚಾಪೆ, ಚಾಪೆಗೊಬ್ಬರು ನರಳುವವರು. ನೋಡಿಕೊಳ್ಳಲು ಇದ್ದವಳು ಕ್ಲಿನಿಕ್ಕಿನ ನರ್ಸ್ ಒಬ್ಬಳೇ.

ಅವಳನ್ನು ಹೆತ್ತ ತಾಯಿಯೇ ಸೊಂಟ ಮುರಿದುಕೊಂಡು ಮೊದಲ ಚಾಪೆಯಲ್ಲಿದ್ದಳು. ಸುಮ್ಮನಿರುವ ಹೆಂಗಸೇ ಅದು? ಭೂಮಿ ಆಕಾಶ ಒಂದಾಗುವ ಹಾಗೆ ಕಿರುಚುತ್ತಿದ್ದಳು. ಪಕ್ಕದಲ್ಲಿ ಗಡಿಯಾರ ರಿಪೇರಿ ತಾತ. ಅಟ್ಟದ ಮೇಲಿನ ಟ್ರಂಕು ತಲೆಗೆ ಬಡಿದು ಕಿವಿಯ ಮೇಲೆ ಬುಗುಟೆ ಎದ್ದಿತ್ತು.

"ನನಗೇನೂ ಆಗಿಲ್ಲಮ್ಮ. ಪಾಪ, ಟ್ರಂಕು ನೆಗ್ಗಿದೆಯೇನೋ ನೋಡಿ!" ಅಂದು ಎಲ್ಲರನ್ನೂ ನಗಿಸಿದ್ದ.

ಆಂಬುಲೆನ್ಸ್ ಬಂತು. "ಒಬ್ಬರಿಗೇ ಜಾಗ. ಮತ್ತೆ ಬರೋಕೆ ಒಂದು ಗಂಟೆ ಬೇಕು," ಅಂದ ಡ್ರೈವರ್. ಕೇಳುವುದೇನಿದೆ, ಇಬ್ಬರು ಹೋಗಿ ತಾಯಿಯ ಚಾಪೆಗೆ ಕೈ ಹಾಕಿದರು.

ಅಷ್ಟರಲ್ಲಿ ತಾತ ಅದೇ ಟ್ರಂಕಿನ ಮಾತನ್ನು ಹೊಸದಾಗಿ ಹೇಳುವವನಂತೆ ಹೇಳಿದ. ನರ್ಸ್ ತಟ್ಟನೆ ಅವನತ್ತ ತಿರುಗಿದಳು. ಅದು ಮೂರನೇ ಸಲ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುವ ಮನುಷ್ಯ. ತಿಂಗಳು ತಿಂಗಳು ಅವನ ರಕ್ತ ಪರೀಕ್ಷೆ ಮಾಡುವವಳು ಅವಳೇ. ಅಂಥವರ ತಲೆಯೊಳಗೆ ರಕ್ತ ಒಸರತೊಡಗಿದರೆ ಸುಲಭಕ್ಕೆ ನಿಲ್ಲುವುದಿಲ್ಲ, ಹೊರಗೆ ಕಾಣುವುದೂ ಇಲ್ಲ.

"ತಾತನ್ನ ಹತ್ತಿಸಿ," ಅಂದಳು.

"ಬುಗುಟೆಗೆ ಆಂಬುಲೆನ್ಸಾ?" ನೆರೆಮನೆಯಾಕೆ ಮೈಮೇಲೆ ಬಂದಳು. "ಹೆತ್ತವಳು ಇಲ್ಲಿ ಒದ್ದಾಡ್ತಿದ್ದಾಳೆ, ಕಣ್ಣು ಕಾಣಲ್ವೇನೇ ನಿನಗೆ?"

"ಕಾಣುತ್ತೆ. ತಾತನ್ನ ಹತ್ತಿಸಿ." ಅವನ ಅಂಗೈ ಮೇಲೆ ಪೆನ್ನಿನಿಂದ ಮಾತ್ರೆಯ ಹೆಸರು ಬರೆದಳು. ತಾತ ಬೇಡವೇ ಬೇಡ ಎಂದ. ಆದರೆ ಬಾಗಿಲು ಮುಚ್ಚುವ ಹೊತ್ತಿಗೆ ಅವನ ನಾಲಿಗೆ ತೊದಲುತ್ತಿತ್ತು.

ನರ್ಸ್ ತಾಯಿಯ ಬಳಿ ಕೂತಳು. ನಾಡಿ ಹಿಡಿದಳು, ಪಾದ ಬೆಚ್ಚಗಿದೆಯೇ ಎಂದು ಮುಟ್ಟಿದಳು, ಕಾಲುಗಳ ನಡುವೆ ದಿಂಬಿಟ್ಟು ಕಟ್ಟಿದಳು.

"ಕಲ್ಲೆದೆಯವಳೇ," ತಾಯಿ ಅತ್ತಳು. "ಅಮ್ಮ ಅನ್ನೋದು ಬೇಡ್ವೇನೇ?"

"ಬೈಯಮ್ಮ, ಚೆನ್ನಾಗಿ ಬೈಯಿ. ಸುಮ್ಮನಾಗೋರನ್ನ ಕಂಡ್ರೇ ನನಗೆ ಭಯ. ನಿನ್ನ ದನಿ ಕೇಳಿಸ್ತಿದ್ರೆ ಮಿಕ್ಕವರನ್ನ ನೋಡ್ತೀನಿ." ಅಳು ಉಕ್ಕಿ ಬಂತು, ನುಂಗಿಕೊಂಡಳು. ಇನ್ನೂ ಹನ್ನೊಂದು ಜನ ಇದ್ದರು.

ತಾಯಿ ಅವಳ ಮುಖವನ್ನೇ ನೋಡಿದಳು. "ಹೋಗೇ," ಅಂದಳು.

ಆಮೇಲೆ ಶುರುವಾಯಿತು ನೋಡಿ! ಮಗಳ ಮೊಂಡುತನ, ಅವಳ ಗಂಟುಮುಖ, ಸೀದುಹೋದ ಸಾರು, ಒಂದನ್ನೂ ಬಿಡದೆ ಏರುದನಿಯಲ್ಲಿ ಜಾಡಿಸಿದಳು. ಮುಕ್ಕಾಲು ಗಂಟೆಗೆ ಗಂಟಲು ಕಟ್ಟಿ ದನಿ ಒಡೆಯಿತು. ನೆರೆಮನೆಯಾಕೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ, "ಸಾಕು ಅಕ್ಕಾ, ಸ್ವಲ್ಪ ಸುಧಾರಿಸ್ಕೋ," ಅಂದಳು.

"ನೀನು ಸುಮ್ನಿರು," ತಾಯಿ ಪಿಸುಗುಟ್ಟಿದಳು. "ನಾನು ಬಾಯಿ ಮುಚ್ಚಿದ್ರೆ ಅದು ಕೆಲಸ ಬಿಟ್ಟು ಓಡಿ ಬರುತ್ತೆ."

ಅಷ್ಟು ಹೇಳಿ, ಉಸಿರೆಳೆದುಕೊಂಡು ಮತ್ತೆ ಶುರುಹಚ್ಚಿಕೊಂಡಳು.